ಬಿಸಿ ಎಲ್ಲಿದೆ? ಫೆಲಿಕ್ಸ್ ವಾಂಕೆಲ್ ಮತ್ತು ಆತನ ಇಂಜಿನ್ನಿನ ಕಥೆ

ಇಂಜಿನ್‌ಗಳ ಇತಿಹಾಸದಲ್ಲಿ ನಿಜಕ್ಕೂ ಹೊಸ ಬಗೆಯ ಇಂಜಿನ್ ಕೊಟ್ಟವರು ಬೆರಳೆಣಿಕೆಯ ಮಂದಿ. ಅವರಲ್ಲಿ ಒಬ್ಬನಿಗೆ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ! ಇಂಜಿನಿಯರಿಂಗ್ ಡಿಗ್ರಿಯಂತೂ ಇರಲೇ ಇಲ್ಲ. ದೂರದ್ದು ಕಾಣದಷ್ಟು ಕಣ್ಣು ಮಂದ. ತನ್ನದೇ ಇಂಜಿನ್ ಕೂತ ಕಾರನ್ನು ಇಟ್ಟುಕೊಂಡಾಗಲೂ ಅದನ್ನು ಓಡಿಸಲು ಡ್ರೈವರ್ ಬೇಕಾಯಿತು. ಆತನೇ ಜರ್ಮನಿಯ ಫೆಲಿಕ್ಸ್ ವಾಂಕೆಲ್.

ನಮಗೆಲ್ಲ ವಾಂಕೆಲ್ ಪರಿಚಯ ಆಗೋದು ಐ.ಸಿ. ಇಂಜಿನ್ ಪುಸ್ತಕದ ಒಂದು ಚಿತ್ರ ಮತ್ತು ಅರ್ಧ ಪುಟ ವಿವರಣೆಯಲ್ಲಿ. ಪರೀಕ್ಷೆಗೆ ಬಂದರೆ ಒಂದು ಶಾರ್ಟ್ ನೋಟ್, ಅಷ್ಟೇ. ಈ ಸಂಚಿಕೆಯಲ್ಲಿ ಆ ಅರ್ಧ ಪುಟದ ಹಿಂದಿರುವ ಮನುಷ್ಯನ ಬದುಕನ್ನು ನೋಡೋಣ. ಜೊತೆಗೆ ಒಂದು ಪ್ರಾಕ್ಟಿಕಲ್ ಪ್ರಶ್ನೆಯನ್ನೂ ಇಟ್ಟುಕೊಳ್ಳೋಣ: ಆತನ ಇಂಜಿನ್ನನ್ನು ವಿಮಾನಕ್ಕೆ ಕೂರಿಸಿದಾಗ ಆಯಿಲ್ ಮತ್ತು ಕೂಲೆಂಟ್‌ನ ಬಿಸಿ ಅಳೆಯುವ ಸೆನ್ಸರ್‌ಗಳನ್ನು ಎಲ್ಲಿ ಹಾಕಬೇಕು? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಉತ್ತರ ಹುಡುಕುತ್ತ ಹೋದರೆ ಆ ಇಂಜಿನ್ನಿನ ಸ್ವಭಾವ ಪೂರ್ತಿ ಅರ್ಥವಾಗುತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೇವೆ. ವಿಮಾನದ ಮಟ್ಟಿಗೆ ರೋಟರಿ ಇಂಜಿನ್ ಅಂದರೆ ಎರಡು ಅರ್ಥ. ಮೊದಲ ಮಹಾಯುದ್ಧದ ಕಾಲದ ರೋಟರಿಯಲ್ಲಿ ಶಾಫ್ಟ್ ನಿಂತಿರುತ್ತಿತ್ತು, ಸಿಲಿಂಡರ್‌ಗಳೆಲ್ಲ ಪ್ರೊಪೆಲ್ಲರ್ ಜೊತೆ ಗಿರಗಿರ ಸುತ್ತುತ್ತಿದ್ದವು. ಅವಕ್ಕೆ ಗಾಳಿಯೇ ಕೂಲಿಂಗ್. ನಾವು ಹೇಳ್ತಿರೋದು ಅದಲ್ಲ. ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ಸುತ್ತುವ ವಾಂಕೆಲ್ ಇಂಜಿನ್.

ಕಾಡಿನ ಊರಿನ ಹುಡುಗ

ವಾಂಕೆಲ್ ಹುಟ್ಟಿದ್ದು 1902ರ ಆಗಸ್ಟ್ 13ರಂದು, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಅಂಚಿನ ಲಾರ್ ಎಂಬ ಊರಿನಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮೊದಲ ಮಹಾಯುದ್ಧದಲ್ಲಿ ತಂದೆ ತೀರಿಕೊಂಡರು. ತಾಯಿ ಮಗನನ್ನು ಕರೆದುಕೊಂಡು ಹೈಡೆಲ್‌ಬರ್ಗ್‌ಗೆ ಬಂದರು. ಓದು ಮುಂದುವರಿಯಲಿಲ್ಲ. ಯೂನಿವರ್ಸಿಟಿಗೆ ಸೇರಲು ಬೇಕಾದ ಪರೀಕ್ಷೆ ಮುಗಿಸದೆಯೇ 1921ರಲ್ಲಿ ಶಾಲೆ ಬಿಟ್ಟು, ವಿಜ್ಞಾನದ ಪುಸ್ತಕ ಪ್ರಕಟಿಸುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಂದ್ರೆ ನಮ್ಮ ಕಥಾನಾಯಕ ಪುಸ್ತಕದ ಗೋದಾಮಿನ ಪಕ್ಕದಲ್ಲಿ ಕೂತು ಸ್ವಂತವಾಗಿ ಮೆಕ್ಯಾನಿಕ್ಸ್ ಕಲಿತವನು.

ಹದಿನೇಳನೇ ವಯಸ್ಸಿನಲ್ಲಿ ಆತನಿಗೆ ಒಂದು ಕನಸು ಬಿತ್ತಂತೆ. ತಾನೇ ಕಟ್ಟಿದ ಕಾರಿನಲ್ಲಿ ಸಂಗೀತ ಕಛೇರಿಗೆ ಹೋಗುತ್ತಿದ್ದಾನೆ. ಅದರ ಇಂಜಿನ್ ಅರ್ಧ ಟರ್ಬೈನ್, ಅರ್ಧ ಪಿಸ್ಟನ್ ಅಂತ ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಾನೆ. ಕನಸಿನ ಕಥೆಗೆ ಎಷ್ಟು ಬಣ್ಣ ಸೇರಿದೆಯೋ ಬಿಡಿ, 1924ರ ಹೊತ್ತಿಗೆ ಆತ ಗೆಳೆಯರ ಜೊತೆ ಹೈಡೆಲ್‌ಬರ್ಗ್‌ನಲ್ಲಿ ಒಂದು ಸಣ್ಣ ವರ್ಕ್‌ಶಾಪ್ ತೆರೆದಿದ್ದಂತೂ ನಿಜ.

ಅಲ್ಲಿಂದ ಮುಂದೆ ಮೂವತ್ತು ವರ್ಷ ಆತನ ತಲೆಯಲ್ಲಿ ಕೂತಿದ್ದು ಒಂದೇ ಪ್ರಶ್ನೆ: ಗ್ಯಾಸ್ ಎಲ್ಲಿ ಸೋರುತ್ತೆ? ಸುತ್ತುವ ಇಂಜಿನ್ನಿನ ಐಡಿಯಾ ಹೊಸದೇನಲ್ಲ. ಸ್ಟೀಮ್ ಕಾಲದಿಂದಲೂ ಬೇಕಾದಷ್ಟು ಜನ ಚಿತ್ರ ಬರೆದಿದ್ದರು. ಪಿಸ್ಟನ್ ದುಂಡಗಿರುತ್ತೆ, ಅದಕ್ಕೆ ದುಂಡನೆಯ ರಿಂಗ್ ತೊಡಿಸಿದರೆ ಆಯಿತು. ಆದರೆ ಸುತ್ತುವ ತ್ರಿಕೋನಕ್ಕೆ ಮೂರು ತುದಿ, ಎರಡು ಪಕ್ಕ, ಅವು ಸೇರುವ ಮೂಲೆಗಳು; ಎಲ್ಲವನ್ನೂ ಒಟ್ಟಿಗೆ ಮುಚ್ಚಬೇಕು. ಒಂದು ಮೂಲೆ ಸೋರಿದರೂ ಒತ್ತಡ ಹೋಯಿತು. ಬೇರೆಯವರೆಲ್ಲ ಆಕಾರದ ಹಿಂದೆ ಬಿದ್ದಾಗ ವಾಂಕೆಲ್ ಸೀಲ್‌ಗಳ ಹಿಂದೆ ಬಿದ್ದ. ಸೀಲನ್ನು ಸ್ಪ್ರಿಂಗ್ ಮಾತ್ರ ಒತ್ತಿದರೆ ಸಾಲದು, ಗ್ಯಾಸಿನ ಒತ್ತಡವೇ ಅದರ ಹಿಂದೆ ಹೋಗಿ ಗೋಡೆಗೆ ಒತ್ತಬೇಕು, ಸೀಲ್ ತುಂಡುಗಳೆಲ್ಲ ಸಂದಿಲ್ಲದೆ ಒಂದಕ್ಕೊಂದು ಕೂಡಬೇಕು ಅನ್ನೋ ತತ್ವವನ್ನು ಆತ ತಾಳ್ಮೆಯಿಂದ ಕಟ್ಟಿದ. ಆ ಪರಿಣತಿಯೇ ಆತನ ಡಿಗ್ರಿ.

ಮುಚ್ಚಿಡಬಾರದ ಅಧ್ಯಾಯ

ವಾಂಕೆಲ್ ಕಥೆಯನ್ನು ಬರೀ ಛಲದ ಕಥೆಯಾಗಿ ಹೇಳಿ ಮುಗಿಸೋದು ಸುಲಭ. ಅದು ಪ್ರಾಮಾಣಿಕ ಆಗೋದಿಲ್ಲ. ಇಪ್ಪತ್ತರ ಹರೆಯದಲ್ಲೇ ಆತ ತೀವ್ರ ಬಲಪಂಥೀಯ ಸಂಘಟನೆಗಳಿಗೆ ಸೇರಿದ. ನಾಜಿ ಪಕ್ಷದ ಸದಸ್ಯನಾಗಿ, ಬಾಡೆನ್ ಪ್ರಾಂತ್ಯದಲ್ಲಿ ಹಿಟ್ಲರನ ಯುವದಳವನ್ನು ಮುನ್ನಡೆಸಿದ. ಸ್ಥಳೀಯ ನಾಜಿ ಮುಖ್ಯಸ್ಥ ರಾಬರ್ಟ್ ವ್ಯಾಗ್ನರ್ ಭ್ರಷ್ಟ ಅಂತ ಬಹಿರಂಗವಾಗಿ ಆರೋಪಿಸಿ ಜಗಳಕ್ಕೆ ಬಿದ್ದು 1932ರಲ್ಲಿ ಪಕ್ಷದಿಂದ ಹೊರಬಿದ್ದ. ಮರುವರ್ಷ ಅದೇ ವ್ಯಾಗ್ನರ್ ಕೈಗೆ ಅಧಿಕಾರ ಬಂದಾಗ ವಾಂಕೆಲ್ ಕೆಲವು ತಿಂಗಳು ಲಾರ್ ಜೈಲಿನಲ್ಲಿದ್ದ. ಬಿಡಿಸಿದವನು ಹಿಟ್ಲರನ ಆರ್ಥಿಕ ಸಲಹೆಗಾರ ವಿಲ್ಹೆಲ್ಮ್ ಕೆಪ್ಲರ್.

ಇದನ್ನು ಓದಿ ಆತ ನಾಜಿಗಳ ವಿರೋಧಿಯಾಗಿದ್ದ ಅಂದುಕೊಂಡರೆ ತಪ್ಪಾಗುತ್ತೆ. ಅದು ಒಳಜಗಳ. 1936ರಲ್ಲಿ ಜರ್ಮನ್ ವಾಯುಯಾನ ಸಚಿವಾಲಯದ ಹಣದಲ್ಲೇ ಕಾನ್‌ಸ್ಟನ್ಸ್ ಸರೋವರದ ದಡದ ಲಿಂಡೌನಲ್ಲಿ ಆತನ ಪ್ರಯೋಗಶಾಲೆ ಎದ್ದಿತು. ಯುದ್ಧದ ಉದ್ದಕ್ಕೂ ವಿಮಾನದ ಇಂಜಿನ್‌ಗಳಿಗೆ ಮತ್ತು ಟಾರ್ಪಿಡೋಗಳಿಗೆ ಸೀಲ್‌ಗಳು, ಸುತ್ತುವ ವಾಲ್ವ್‌ಗಳು ಅಲ್ಲಿ ತಯಾರಾದವು. 1940ರಲ್ಲಿ ಎಸ್‌ಎಸ್ ಸಂಘಟನೆಯಲ್ಲಿ ಆತನಿಗೆ ಹುದ್ದೆಯೂ ಸಿಕ್ಕಿತು, 1942ರಲ್ಲಿ ಹೋಯಿತು. 1945ರಲ್ಲಿ ಫ್ರೆಂಚ್ ಸೇನೆ ಬಂದು ಪ್ರಯೋಗಶಾಲೆಯನ್ನು ಮುಚ್ಚಿಸಿ, ಆತನನ್ನು ಕೆಲವು ತಿಂಗಳು ಬಂಧನದಲ್ಲಿಟ್ಟಿತು.

ನಾಳೆ ನಮ್ಮಲ್ಲೂ ಅನೇಕರು ಡಿಫೆನ್ಸ್ ಲ್ಯಾಬ್‌ಗಳಿಗೆ, ದೊಡ್ಡ ಕಂಪನಿಗಳಿಗೆ ಹೋಗುವವರು. ಕೆಲಸ ಚೆನ್ನಾಗಿದೆ, ಫಂಡಿಂಗ್ ಇದೆ, ಮಿಕ್ಕಿದ್ದು ನಮಗ್ಯಾಕೆ ಅನ್ನೋ ಮಾತು ಬಾಯಿಗೆ ಬಂದಾಗ ಲಿಂಡೌನ ಆ ಶೆಡ್ಡು ನೆನಪಿಗೆ ಬರಲಿ. ಸೀಲ್ ಒಳ್ಳೆಯದೇ ಇತ್ತು. ಅದು ಯಾರ ಟಾರ್ಪಿಡೋ ಒಳಗೆ ಕೂತಿತ್ತು ಅನ್ನೋದೂ ಅಷ್ಟೇ ನಿಜ.

ಎರಡು ಇಂಜಿನ್‌ಗಳು

ಯುದ್ಧದ ನಂತರ ಪಿಸ್ಟನ್ ರಿಂಗ್ ತಯಾರಿಸುವ ಗೋಟ್ಸೆ ಕಂಪನಿ ನೆರವು ಕೊಟ್ಟಿತು. 1951ರಲ್ಲಿ ಲಿಂಡೌನ ಮನೆಯಲ್ಲೇ ಮತ್ತೆ ಕೆಲಸ ಶುರು. ಅದೇ ವರ್ಷ ಎನ್‌ಎಸ್‌ಯು ಎಂಬ ಮೋಟಾರ್‌ಸೈಕಲ್ ಕಂಪನಿಯ ನಂಟು ಬೆಳೆಯಿತು. 1957ರ ಫೆಬ್ರವರಿ 1ರಂದು ಮೊದಲ ವಾಂಕೆಲ್ ಇಂಜಿನ್ ಟೆಸ್ಟ್ ಬೆಂಚ್ ಮೇಲೆ ಓಡಿತು. ಅದರ ಹೆಸರು ಡಿಕೆಎಂ 54, ಶಕ್ತಿ ಸುಮಾರು 21 ಹಾರ್ಸ್‌ಪವರ್.

ಆ ಇಂಜಿನ್ನಿನಲ್ಲಿ ಒಳಗಿನ ರೋಟರ್ ಜೊತೆ ಅದರ ಸುತ್ತಲಿನ ಚೇಂಬರ್ ಕೂಡ ಸುತ್ತುತ್ತಿತ್ತು. ಸಮತೋಲನ ಅದ್ಭುತ, ವೈಬ್ರೇಶನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸಬೇಕಾದರೂ ಇಂಜಿನ್ ಬಿಚ್ಚಬೇಕು! ಎನ್‌ಎಸ್‌ಯುದ ಇಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ ಇದು ಮಾರುಕಟ್ಟೆಗೆ ಹೋಗೋ ವಸ್ತುವಲ್ಲ ಅಂತ ಅಳೆದು, ವಾಂಕೆಲ್‌ಗೆ ತಿಳಿಸದೆಯೇ ಹೊರಗಿನ ಹೌಸಿಂಗನ್ನು ಕದಲದಂತೆ ನಿಲ್ಲಿಸಿ ಇನ್ನೊಂದು ಇಂಜಿನ್ ಮಾಡಿದ. ಅದು ಕೆಕೆಎಂ. ತನ್ನ ರೇಸ್ ಕುದುರೆಯನ್ನು ನೊಗಕ್ಕೆ ಕಟ್ಟಿದರಲ್ಲ ಅಂತ ವಾಂಕೆಲ್ ಸಿಡಿಮಿಡಿಗೊಂಡ. ಆದರೆ ಇವತ್ತು ನಾವು ವಾಂಕೆಲ್ ಇಂಜಿನ್ ಅಂತ ಕರೆಯೋದು, ಪುಸ್ತಕದಲ್ಲಿ ಚಿತ್ರ ಬರೆಯೋದು ಪಾಶ್ಕೆಯ ಈ ರೂಪವನ್ನೇ.

ಹೌಸಿಂಗ್ ನಿಂತಿತು ನೋಡಿ, ಬಿಸಿಗೂ ಒಂದು ಜಾಗ ಸಿಕ್ಕಿತು. ಇದು ಇಡೀ ವಿಷಯದ ಗಂಟು.

ಪಿಸ್ಟನ್ ಇಂಜಿನ್ನಿನಲ್ಲಿ ತಣ್ಣನೆಯ ಮಿಶ್ರಣ ಬರೋದೂ, ಅದು ಉರಿಯೋದೂ ಒಂದೇ ಸಿಲಿಂಡರಿನಲ್ಲಿ, ಒಂದಾದ ಮೇಲೊಂದು. ಹಾಗಾಗಿ ಗೋಡೆ ಒಂದಿಷ್ಟು ಸುಧಾರಿಸಿಕೊಳ್ಳುತ್ತೆ. ವಾಂಕೆಲ್‌ನಲ್ಲಿ ಹಾಗಲ್ಲ. ಇಂಟೇಕ್ ಯಾವಾಗಲೂ ಹೌಸಿಂಗಿನ ಒಂದು ಪಕ್ಕದಲ್ಲಿ, ಉರಿ ಯಾವಾಗಲೂ ಸ್ಪಾರ್ಕ್ ಪ್ಲಗ್ ಇರುವ ಇನ್ನೊಂದು ಪಕ್ಕದಲ್ಲಿ. ಶಾಫ್ಟಿನ ಪ್ರತಿ ಸುತ್ತಿಗೂ, ರೋಟರ್ ಒಂದಕ್ಕೆ ಒಂದರಂತೆ, ಉರಿ ಬೀಳೋದು ಅದೇ ಗೋಡೆಯ ಮೇಲೆ. ಒಂದೇ ಬಾಣಲೆಯ ಒಂದು ಪಕ್ಕ ಒಲೆಯ ಮೇಲೆ, ಇನ್ನೊಂದು ಪಕ್ಕ ಫ್ಯಾನಿನ ಕೆಳಗೆ ಅಂದುಕೊಳ್ಳಿ. ಲೋಹ ಒಂದು ಕಡೆ ಹೆಚ್ಚು ಹಿಗ್ಗುತ್ತೆ, ಇನ್ನೊಂದು ಕಡೆ ಕಡಿಮೆ. ತುದಿಯ ಸೀಲ್ ಆ ವ್ಯತ್ಯಾಸದ ಮೇಲೇ ಜಾರಿಕೊಂಡು ಹೋಗಬೇಕು.

ಸೀಲ್‌ಗಳು ಎಷ್ಟು ಕಾಡಿದವು ಅನ್ನೋದಕ್ಕೆ 1967 ಸಾಕ್ಷಿ. ಆ ವರ್ಷ ಎನ್‌ಎಸ್‌ಯು ರೋ 80 ಎಂಬ ಚಂದದ ಕಾರು ತಂದಿತು. ಪ್ರಶಸ್ತಿಯೂ ಬಂತು. ಆದರೆ ಸೀಲ್‌ಗಳು ಬೇಗ ಸವೆದು, ವಾರಂಟಿಯಲ್ಲಿ ಇಂಜಿನ್ ಬದಲಿಸಿ ಬದಲಿಸಿ ಕಂಪನಿ ಸುಸ್ತಾಯಿತು. 1969ರಲ್ಲಿ ಫೋಕ್ಸ್‌ವ್ಯಾಗನ್ ಮಡಿಲಿಗೆ ಬಿತ್ತು. ಅದೇ 1967ರಲ್ಲಿ ಜಪಾನಿನ ಮಜ್ದಾ ಕಂಪನಿ ಕಾಸ್ಮೋ ಕಾರು ತಂದಿತು. ಕೆನಿಚಿ ಯಮಾಮೊಟೊ ನೇತೃತ್ವದ ತಂಡ ಹೌಸಿಂಗಿನ ಮೇಲೆ ಸೀಲ್ ಕೆರೆದು ಬೀಳುತ್ತಿದ್ದ ಗೀರುಗಳ ಜೊತೆ ವರ್ಷಗಟ್ಟಲೆ ಸೆಣಸಿ, ಕಾರ್ಬನ್ ಮತ್ತು ಅಲ್ಯೂಮಿನಿಯಂ ಸೇರಿದ ಸೀಲ್ ಮಾಡಿ ಗೆದ್ದಿತ್ತು.

ಆಕಾಶಕ್ಕೆ

ವಿಮಾನದವರಿಗೆ ಈ ಇಂಜಿನ್ ಮೇಲೆ ಆಸೆ ಹುಟ್ಟಿದ್ದು ಸಹಜ. ಹಗುರ, ಚಿಕ್ಕದು, ವಾಲ್ವ್ ಇಲ್ಲ, ನಡುಗು ಕಡಿಮೆ. ಅಮೆರಿಕದ ಕರ್ಟಿಸ್-ರೈಟ್ 1958ರಲ್ಲೇ ಲೈಸೆನ್ಸ್ ಪಡೆಯಿತು. ಅದರ ಎರಡು ರೋಟರಿನ ಆರ್‌ಸಿ2-60 ಇಂಜಿನ್ನನ್ನು 1960ರ ದಶಕದ ಕೊನೆಯಲ್ಲಿ ಲಾಕ್‌ಹೀಡ್ ಕಂಪನಿ ಕ್ಯೂ-ಸ್ಟಾರ್ ಎಂಬ ವಿಮಾನಕ್ಕೆ ಕೂರಿಸಿತು. ಸದ್ದಿಲ್ಲದೆ ಹಾರಿ ಬೇಹು ನಡೆಸುವ ವಿಮಾನಕ್ಕಾಗಿ ನಡೆದ ಪ್ರಯೋಗ ಅದು. ನೀರಿನಿಂದ ತಣಿಯುವ ಇಂಜಿನ್, ವಿಮಾನದ ಮೂತಿಯಲ್ಲಿ ಕಾರಿನ ರೇಡಿಯೇಟರ್! ಆಮೇಲೆ ಮಜ್ದಾದ 13ಬಿ ಇಂಜಿನ್ ತೆಗೆದು ತಮ್ಮ ಮನೆಯ ಗ್ಯಾರೇಜಿನಲ್ಲೇ ಕಟ್ಟಿದ ವಿಮಾನಗಳಿಗೆ ಕೂರಿಸುವ ಹವ್ಯಾಸಿಗಳ ಪಂಗಡವೇ ಅಮೆರಿಕದಲ್ಲಿ ಬೆಳೆಯಿತು.

ಕಾರಿನಲ್ಲಿ ಇಂಜಿನ್ ಬಿಸಿಯಾದರೆ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಬಹುದು. ಆಕಾಶದಲ್ಲಿ ಪಕ್ಕ ಅನ್ನೋದೇ ಇಲ್ವಲ್ಲ. ಹಾಗಾಗಿ ಸೆನ್ಸರ್ ಎಲ್ಲಿದೆ ಅನ್ನೋ ಪ್ರಶ್ನೆಗೆ ಜೀವದ ಬೆಲೆ ಬರುತ್ತೆ.

ಮೊದಲು ಆಯಿಲ್. ಸಾಮಾನ್ಯ ಇಂಜಿನ್ನಿನಲ್ಲಿ ಆಯಿಲ್‌ಗೆ ಮುಖ್ಯ ಕೆಲಸ ಜಾರಿಸೋದು. ಮಜ್ದಾ ಮಾದರಿಯ ವಾಂಕೆಲ್‌ನಲ್ಲಿ ಅದು ಕೂಲೆಂಟ್ ಕೂಡ. ರೋಟರಿನ ಒಳಗೆ ನೀರು ಹಾಯಿಸೋಕಾಗಲ್ಲ. ಅದಕ್ಕೆ ಎಕ್ಸೆಂಟ್ರಿಕ್ ಶಾಫ್ಟಿನ ಒಳಗಿಂದ ಆಯಿಲ್ ಚಿಮ್ಮಿ ರೋಟರಿನ ಒಳಮೈ ತೊಳೆಯುತ್ತೆ. ಹೊರಹಾಕಬೇಕಾದ ಬಿಸಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಆಯಿಲ್ ತಲೆಗೇ ಬರುತ್ತೆ. ಇಲ್ಲಿ ಆಯಿಲ್ ಸಂಪಿನಿಂದ ಪಂಪ್, ಅಲ್ಲಿಂದ ಕೂಲರ್, ಅಲ್ಲಿಂದ ಫಿಲ್ಟರ್ ದಾಟಿ ಬೇರಿಂಗ್ ಮತ್ತು ರೋಟರಿಗೆ ಹೋಗುತ್ತೆ. ಸೆನ್ಸರ್ ಸಂಪಿನಲ್ಲಿದ್ದರೆ ಅದು ಹೇಳೋದು ಕೆಲಸ ಮುಗಿಸಿ ಬಂದ ಆಯಿಲ್ ಎಷ್ಟು ಬಿಸಿ ಅಂತ. ಫಿಲ್ಟರ್ ಹತ್ತಿರ ಇದ್ದರೆ ಕೆಲಸಕ್ಕೆ ಹೊರಟ ಆಯಿಲ್ ಎಷ್ಟು ತಣ್ಣಗಿದೆ ಅಂತ. ರೋಟರ್ ಮತ್ತು ಬೇರಿಂಗ್ ಉಳಿಯೋದು ಈ ಎರಡನೆಯದರ ಮೇಲೆ. ಒಂದೇ ಸೆನ್ಸರಿಗೆ ಅವಕಾಶ ಅಂದರೆ ಕೂಲರ್ ದಾಟಿದ ಮೇಲೆ, ಇಂಜಿನ್ ಒಳಗೆ ಹೋಗುವ ಬಾಯಲ್ಲಿ ಹಾಕಬೇಕು. ಇನ್ನೊಬ್ಬರ ಇಂಜಿನ್ ರೀಡಿಂಗ್ ಜೊತೆ ನಮ್ಮದನ್ನು ಹೋಲಿಸುವಾಗ ಮೊದಲು ಕೇಳಬೇಕಾದ್ದು ಅವರ ಸೆನ್ಸರ್ ಎಲ್ಲಿದೆ ಅಂತ. ಜಾಗ ತಿಳಿಯದ ಡಿಗ್ರಿಗೆ ಅರ್ಥವಿಲ್ಲ.

ಎರಡೂ ಕಡೆ ಹಾಕಿದರೆ ಇನ್ನೂ ಚೆನ್ನ. ಆಗ ಥರ್ಮೋ ಕ್ಲಾಸಿನ ಲೆಕ್ಕ ಜೀವ ಪಡೆಯುತ್ತೆ. ಲೆಕ್ಕ ಸುಲಭವಾಗಲಿ ಅಂತ ನಾವೇ ಹಿಡಿದ ಅಂಕಿಗಳಿವು: ನಿಮಿಷಕ್ಕೆ 20 ಲೀಟರ್ ಆಯಿಲ್ ಅಂದರೆ ಸೆಕೆಂಡಿಗೆ ಸುಮಾರು 0.29 ಕಿಲೋಗ್ರಾಂ. ಸ್ಪೆಸಿಫಿಕ್ ಹೀಟ್ ಸುಮಾರು 2 ಕಿಲೋಜೌಲ್. ಕೂಲರಿನ ಆಚೆ ಈಚೆ ವ್ಯತ್ಯಾಸ 30 ಡಿಗ್ರಿ. ಗುಣಿಸಿದರೆ ಸುಮಾರು 17 ಕಿಲೋವ್ಯಾಟ್. ಬರೀ ಆಯಿಲ್ ಕೂಲರ್ ಗಾಳಿಗೆ ಬಿಡಬೇಕಾದ ಬಿಸಿ ಇಷ್ಟು. ಎರಡು ಸೆನ್ಸರಿನ ನಡುವಿನ ವ್ಯತ್ಯಾಸ ಕುಗ್ಗುತ್ತ, ಎರಡೂ ಏರುತ್ತ ಹೋದರೆ ಕೂಲರಿಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಒಂದೇ ಸೆನ್ಸರ್ ಇದನ್ನು ಬಿಡಿಸಿ ಹೇಳಲಾರದು.

ಇನ್ನು ಕೂಲೆಂಟ್. ಇಲ್ಲಿ ಜಾಗ ತಿರುಗುಮುರುಗು. ನಮಗೆ ಬೇಕಾದ್ದು ಇಂಜಿನ್ ದಾಟಿ ಹೊರಬರುವ ಅತಿ ಬಿಸಿಯ ನೀರು. ಹಾಗಾಗಿ ಹೊರಬಾಯಲ್ಲಿ, ಥರ್ಮೋಸ್ಟಾಟ್‌ಗಿಂತ ಮೊದಲು, ಇಂಜಿನ್ ಕಡೆಗೇ ಇರಬೇಕು. ಥರ್ಮೋಸ್ಟಾಟ್ ಆಚೆ ಹಾಕಿದರೆ ಅದು ತೆರೆಯುವ ತನಕ ಸೆನ್ಸರಿಗೆ ಒಳಗಿನ ಸುದ್ದಿಯೇ ತಲುಪೋದಿಲ್ಲ. ರೇಡಿಯೇಟರಿನ ಆಚೆ ಹಾಕಿದರೆ ರೇಡಿಯೇಟರ್ ಚೆನ್ನಾಗಿದೆ ಅಂತ ತಿಳಿಯುತ್ತೆ, ಇಂಜಿನ್ ಹೇಗಿದೆ ಅಂತ ತಿಳಿಯೋದಿಲ್ಲ.

ಇಲ್ಲೊಂದು ಮೋಸ ಇದೆ. ಸೆನ್ಸರಿನ ತುದಿ ಸದಾ ನೀರಿನಲ್ಲಿ ಮುಳುಗಿರಬೇಕು. ಎತ್ತರದ ಜಾಗದಲ್ಲಿ ಹಾಕಿದರೆ ಗಾಳಿ, ಆವಿ ಬಂದು ಸೇರೋದೂ ಅಲ್ಲೇ. ಕೂಲೆಂಟ್ ಸೋರಿ ಹೋಗಿ ತುದಿಯ ಸುತ್ತ ಬರೀ ಗಾಳಿ ಉಳಿದರೆ ಅದಕ್ಕೆ ಬಿಸಿ ಸರಿಯಾಗಿ ತಾಕೋದಿಲ್ಲ. ಮುಳ್ಳು ಕೆಳಗೆ ಇಳಿಯುತ್ತೆ! ಒಳಗೆ ಇಂಜಿನ್ ಸುಡುತ್ತಿದ್ದರೂ ಪೈಲಟ್ ನಿಟ್ಟುಸಿರು ಬಿಡುತ್ತಾನೆ. ಅದಕ್ಕೇ ಕೂಲೆಂಟಿನ ಪ್ರೆಷರ್ ಅಥವಾ ಮಟ್ಟ ತೋರಿಸುವ ಇನ್ನೊಂದು ಸೆನ್ಸರ್ ಜೊತೆಗಿರಬೇಕು. ಎತ್ತರ ಹೆಚ್ಚಿದಂತೆ ಈ ಮಾತಿಗೆ ತೂಕವೂ ಹೆಚ್ಚು. ಪ್ರೆಷರ್ ಕ್ಯಾಪ್ ಕೈಕೊಟ್ಟರೆ 3000 ಮೀಟರ್ ಎತ್ತರದಲ್ಲಿ ಬರೀ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ. ಹೌಸಿಂಗ್ ಅಲ್ಯೂಮಿನಿಯಂ, ಪಕ್ಕದ ತಟ್ಟೆಗಳು ಎರಕದ ಕಬ್ಬಿಣ, ನಡುವೆ ನೀರು ತಡೆಯುವ ರಬ್ಬರ್ ರಿಂಗ್. ಒಮ್ಮೆ ಮಿತಿ ಮೀರಿ ಕಾದರೆ ಎರಡು ಲೋಹ ಬೇರೆ ಬೇರೆ ಅಳತೆಗೆ ಹಿಗ್ಗಿ ರಬ್ಬರ್ ಸಾಯುತ್ತೆ. ಆಮೇಲೆ ಇಂಜಿನ್ ಬಿಚ್ಚದೆ ಗತಿಯಿಲ್ಲ.

ಕೂರಿಸುವ ರೀತಿಯೂ ಮುಖ್ಯ. ಉದ್ದದ ಅಡಾಪ್ಟರ್ ಸೇರಿಸಿ ತುದಿ ಹರಿವಿನಿಂದ ಹಿಂದೆ ಸರಿದರೆ, ನಿಂತ ದ್ರವದ ಬಿಸಿ ಅಳೆದ ಹಾಗಾಗುತ್ತೆ. ಒಂದೇ ತಂತಿಯ ಸೆನ್ಸರಿಗೆ ಅದರ ಥ್ರೆಡ್ಡೇ ಅರ್ಥ್. ಅದಕ್ಕೆ ಪ್ಲಂಬರ್‌ಗಳು ಸುತ್ತುವ ಬಿಳಿ ಟೇಪ್ ದಪ್ಪಗೆ ಸುತ್ತಿದರೆ ರೆಸಿಸ್ಟೆನ್ಸ್ ಹೆಚ್ಚುತ್ತೆ. ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಬಗೆಯ ಸೆನ್ಸರ್ ಆಗಿದ್ದರೆ, ಮೀಟರ್ ನಿಜಕ್ಕಿಂತ ತಣ್ಣಗೆ ತೋರಿಸುತ್ತೆ. ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡಬೇಕಾದ್ದು ಪೂರ್ತಿ ಪವರ್‌ನಲ್ಲಿ ಮೇಲೇರುವಾಗ. ಬಿಸಿ ಗರಿಷ್ಠ, ವೇಗ ಕಡಿಮೆ, ರೇಡಿಯೇಟರಿಗೆ ಗಾಳಿ ಕನಿಷ್ಠ. ಮೂತಿ ಮೇಲಾಗಿರೋದರಿಂದ ಒಳಗಿನ ಗಾಳಿಗುಳ್ಳೆಯೂ ಜಾಗ ಬದಲಿಸಿರುತ್ತೆ. ನೆಲದ ಮೇಲೆ ಸರಿಯಾಗಿದ್ದ ಜಾಗ ಅಲ್ಲಿ ಸರಿಯಿರಲೇಬೇಕೆಂದಿಲ್ಲ.

ಕೊನೆಯ ವರ್ಷಗಳು, ಆಮೇಲಿನ ಕಥೆ

1963ರಲ್ಲಿ ವಾಂಕೆಲ್ ಸುತ್ತುವ ಯಂತ್ರಗಳ ವರ್ಗೀಕರಣದ ಪುಸ್ತಕ ತಂದ. ಯಾವ್ಯಾವ ರೀತಿಯಲ್ಲಿ ಒಂದು ಆಕಾರ ಇನ್ನೊಂದರೊಳಗೆ ಸುತ್ತಬಹುದು ಅಂತ ಒಂದೊಂದಾಗಿ ಪಟ್ಟಿ ಮಾಡಿದ ಕೆಲಸ ಅದು. 1969ರಲ್ಲಿ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕಾಲೇಜು ಮೆಟ್ಟಿಲು ಹತ್ತದವನು ಡಾಕ್ಟರ್ ವಾಂಕೆಲ್ ಆದ. 1971ರಲ್ಲಿ ತನ್ನ ಕಂಪನಿಯನ್ನು ಬ್ರಿಟನ್ನಿನ ಲೊನ್‌ರೋ ಸಂಸ್ಥೆಗೆ ಮಾರಿ ದೊಡ್ಡ ಶ್ರೀಮಂತನಾದ. ಪ್ರಾಣಿಗಳನ್ನು ಕಂಡರೆ ಆತನಿಗೆ ಬಹಳ ಪ್ರೀತಿ; ಪ್ರಾಣಿಗಳ ಮೇಲಿನ ಪ್ರಯೋಗ ಕಡಿಮೆ ಮಾಡುವ ಸಂಶೋಧನೆಗೆ ಆತನ ಹೆಸರಿನಲ್ಲಿ ಪ್ರಶಸ್ತಿ ಇದೆ. ಯೌವನದಲ್ಲಿ ಆ ದಳದ ಮುಂದೆ ನಿಂತವನೂ ಈತನೇ, ಪ್ರಾಣಿಗಳಿಗೆ ಮರುಗಿದವನೂ ಈತನೇ. 1988ರ ಅಕ್ಟೋಬರ್ 9ರಂದು ಹೈಡೆಲ್‌ಬರ್ಗ್‌ನಲ್ಲಿ ತೀರಿಕೊಂಡ. ಮೂರು ವರ್ಷದ ನಂತರ, 1991ರಲ್ಲಿ, ನಾಲ್ಕು ರೋಟರಿನ ಮಜ್ದಾ 787ಬಿ ಕಾರು ಲೆ ಮಾನ್ಸ್‌ನ 24 ಗಂಟೆಯ ರೇಸ್ ಗೆದ್ದಿತು. ಅದನ್ನು ನೋಡಲು ಆತ ಇರಲಿಲ್ಲ.

ಈ ಕಥೆಗೆ ನಮ್ಮೂರಿನ ಪುಟವೂ ಒಂದಿದೆ. ಬೆಂಗಳೂರಿನ ಎಡಿಇ ರೂಪಿಸಿದ ನಿಶಾಂತ್ ಎಂಬ ಪೈಲಟ್ ಇಲ್ಲದ ವಿಮಾನಕ್ಕೆ ಮೊದಲು ಆಮದು ಮಾಡಿದ ಇಂಜಿನ್ ಇತ್ತು. ಅದರ ಬದಲಿಗೆ 55 ಹಾರ್ಸ್‌ಪವರ್‌ನ ವಾಂಕೆಲ್ ಇಂಜಿನ್ನನ್ನು ಬೆಂಗಳೂರಿನ ಎನ್‌ಎಎಲ್ ಮತ್ತು ಅಹ್ಮದ್‌ನಗರದ ವಿಆರ್‌ಡಿಇ ಸೇರಿ ತಯಾರಿಸಿದವು. ಹೌಸಿಂಗಿನ ಒಳಮೈಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪನ. ವಾಂಕೆಲ್‌ನನ್ನು ಕಾಡಿದ ಅದೇ ಸೀಲ್, ಅದೇ ಗೋಡೆಯ ಸಮಸ್ಯೆಗೆ ನಮ್ಮವರು ಕಂಡುಕೊಂಡ ದಾರಿ. 2009ರ ಮಾರ್ಚ್‌ನಲ್ಲಿ ಕೋಲಾರದ ಹತ್ತಿರ ಅದು ಮೊದಲ ಬಾರಿ ಹಾರಿತು. ಪೈಲಟ್ ಇಲ್ಲದ ವಿಮಾನದಲ್ಲಿ ಇಂಜಿನ್ನಿನ ಸದ್ದು ಕೇಳೋಕೆ, ಸುಟ್ಟ ವಾಸನೆ ಹಿಡಿಯೋಕೆ ಯಾರೂ ಇರಲ್ಲ. ನೆಲದ ಮೇಲಿರುವವರಿಗೆ ಸೆನ್ಸರ್ ಹೇಳಿದ್ದೇ ಸತ್ಯ.

ಹಾಗಾಗಿ ಗೆಳೆಯರೇ, ಪ್ರಾಜೆಕ್ಟಿಗೆ ಸೆನ್ಸರ್ ತರುವಾಗ ರೇಂಜ್ ಎಷ್ಟು, ಆಕ್ಯುರೆಸಿ ಎಷ್ಟು, ರೇಟ್ ಎಷ್ಟು ಅಂತ ನಾವೆಲ್ಲ ಕೇಳ್ತೇವೆ. ಅದಕ್ಕೂ ಮುಂಚೆ ಒಂದು ಹಾಳೆ ತಗೊಂಡು ಬಿಸಿ ಎಲ್ಲಿ ಹುಟ್ಟುತ್ತೆ, ಯಾವ ದಾರಿಯಲ್ಲಿ ಹೋಗುತ್ತೆ, ಎಲ್ಲಿ ಹೊರಬೀಳುತ್ತೆ ಅಂತ ಗೆರೆ ಎಳೆಯೋಣ. ಸೆನ್ಸರಿನ ಜಾಗ ಆ ಗೆರೆಯ ಮೇಲೇ ಸಿಗುತ್ತೆ. ವಾಂಕೆಲ್ ಸೋರಿಕೆಯ ಜಾಗ ಹುಡುಕಿದ್ದೂ ಹೀಗೆಯೇ, ಒಂದೊಂದು ಮೂಲೆ ನೋಡುತ್ತ, ಮೂವತ್ತು ವರ್ಷ.